ನಂಬದವರು, ನಂಬಿಗಸ್ತರು

ಟೊರಾಂಟೊ ನಗರದ ಪೂರ್ವಭಾಗದಲ್ಲಿ, ಸ್ಕಾರ್ಬರೋ ಎಂಬಲ್ಲಿ, ಕೆನಡಾದ ಯುನೈಟೆಡ್ ಚರ್ಚಿಗೆ ಸೇರಿದ ವೆಸ್ಟ್ ಹಿಲ್ ಎಂಬ ದೇವಾಲಯವಿದೆ. 1997ರಲ್ಲಿ ಗ್ರೆಟಾ ವಾಸ್ಪರ್ ಅಲ್ಲಿಗೆ ಸಭಾಪಾಲಕಿಯಾಗಿ ಬಂದರು. 2001ರಲ್ಲಿ ಒಂದು ದಿನ ಅವರು ಪ್ರಸಂಗಪೀಠದಲ್ಲಿ ನಿಂತು, ಮೇಲೆ ಕುಳಿತು ಮನುಷ್ಯರ ಬದುಕನ್ನು ತಿದ್ದುವ ದೇವರೊಬ್ಬನಿದ್ದಾನೆಂದು ತಾನು ನಂಬುವುದಿಲ್ಲ ಎಂದು ಹೇಳಿಬಿಟ್ಟರು. ಸಭೆ ಅವರನ್ನು ಕಳಿಸಲಿಲ್ಲ. 2013ರ ಹೊತ್ತಿಗೆ ಅವರು ತಮ್ಮನ್ನು ನಾಸ್ತಿಕಳೆಂದೇ ಕರೆದುಕೊಂಡರು. 2015ರ ಜನವರಿಯಲ್ಲಿ ಪ್ಯಾರಿಸಿನ ಷಾರ್ಲಿ ಎಬ್ಡೊ ಪತ್ರಿಕೆಯ ಕಚೇರಿಯಲ್ಲಿ ಹತ್ಯೆಗಳು ನಡೆದಾಗ ಯುನೈಟೆಡ್ ಚರ್ಚು ಒಂದು ಪ್ರಾರ್ಥನೆಯನ್ನು ಪ್ರಕಟಿಸಿತು. ದೇವರ ಹೆಸರಿನಲ್ಲಿ ಹರಿದ ರಕ್ತಕ್ಕೆ ಮತ್ತೆ ದೇವರನ್ನೇ ಕರೆಯುವುದು ಹೇಗೆ ಎಂದು ವಾಸ್ಪರ್ ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಅಲ್ಲಿಂದ ವಿಚಾರಣೆ ಶುರುವಾಯಿತು.

1993ರಲ್ಲಿ ಗುರುದೀಕ್ಷೆ ಪಡೆದಾಗ ಅವರಿಗೆ ಕೇಳಿದ್ದ ಪ್ರಶ್ನೆಗಳನ್ನೇ ಮತ್ತೆ ಕೇಳಲಾಯಿತು. ತಂದೆ, ಮಗ, ಪವಿತ್ರಾತ್ಮನಾದ ದೇವರನ್ನು ನಂಬುತ್ತೀಯಾ? ಇಲ್ಲ ಎಂದರು. 2016ರ ಸೆಪ್ಟೆಂಬರಿನಲ್ಲಿ ಚರ್ಚಿನ ವಿಚಾರಣಾ ಸಮಿತಿಯ ಬಹುಮತದ ವರದಿ ಅವರು ಈ ಸೇವೆಗೆ ತಕ್ಕವರಲ್ಲ ಎಂದಿತು. ಆದರೆ 2018ರ ನವೆಂಬರಿನಲ್ಲಿ, ಕೊನೆಯ ವಿಚಾರಣೆ ಇನ್ನೇನು ನಡೆಯಬೇಕೆನ್ನುವಾಗ, ಎರಡೂ ಕಡೆಯವರು ರಾಜಿಯಾದರು. ಒಪ್ಪಂದದಲ್ಲಿ ಏನಿದೆಯೆಂದು ಹೊರಗೆ ಬರಲಿಲ್ಲ. ದೇವರಲ್ಲಿ ತನ್ನ ನಂಬಿಕೆ ಬದಲಾಗಿಲ್ಲವೆಂದು ಚರ್ಚು ಹೇಳಿತು, ವಾಸ್ಪರ್ ತಮ್ಮ ಸಭೆಯಲ್ಲೇ ಉಳಿದರು.

ಈ ಪ್ರಸಂಗ ನನ್ನನ್ನು ಬಹುಕಾಲದಿಂದ ಕಾಡಿದೆ. ಮೊದಲು ಓದಿದಾಗ ಉತ್ತರ ಸುಲಭವಾಗಿತ್ತು: ದೇವರನ್ನು ನಂಬದವರು ದೇವರ ಸಭೆಯನ್ನು ನಡೆಸುವುದು ಹೇಗೆ? ಯೋಚಿಸುತ್ತ ಹೋದಂತೆ ಆ ಸುಲಭ ಉತ್ತರ ಕೈಯಲ್ಲಿ ನಿಲ್ಲಲಿಲ್ಲ.

ಏಕೆಂದರೆ ಚರ್ಚು ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಸಾವಿರದ ಆರುನೂರು ವರ್ಷಗಳ ಹಿಂದೆಯೇ ಎದುರಿಸಿತ್ತು. ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದ ಹಿಂಸೆಗೆ ಹೆದರಿ ಉತ್ತರ ಆಫ್ರಿಕಾದ ಕೆಲವು ಗುರುಗಳು ಧರ್ಮಗ್ರಂಥಗಳನ್ನು ಸೈನಿಕರ ಕೈಗೆ ಒಪ್ಪಿಸಿದ್ದರು. ಅಂಥವರ ಕೈಯಿಂದ ಆದ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ ಎಂದು ಡೊನಾಟಿಸ್ಟರೆಂಬ ಪಂಗಡದವರು ಹಟ ಹಿಡಿದರು. ಸಂತ ಅಗಸ್ಟೀನ್ ಒಪ್ಪಲಿಲ್ಲ. ಸ್ನಾನ ಮಾಡಿಸುವವನು ಕ್ರಿಸ್ತನೇ ಹೊರತು ಗುರುವಲ್ಲ. ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಬಂದರೂ ತೋಟಕ್ಕೆ ಸಿಗುವುದು ನೀರೇ ಎಂಬುದು ಅವನ ವಾದ. ಚರ್ಚು ಅವನ ಮಾತನ್ನೇ ಉಳಿಸಿಕೊಂಡಿತು.

ಈ ತರ್ಕ ದೊಡ್ಡದು, ಕರುಣೆಯುಳ್ಳದ್ದು. ನನ್ನ ಮಗುವಿಗೆ ದೀಕ್ಷಾಸ್ನಾನ ಕೊಟ್ಟವರ ಎದೆಯೊಳಗೆ ಏನಿತ್ತೆಂದು ನಾನು ಜೀವನವಿಡೀ ಅಂಜಬೇಕಾಗಿಲ್ಲ. ಆದರೂ ಇದು ಪ್ರಾಟೆಸ್ಟೆಂಟ್ ಸಭೆಯ ಕಷ್ಟವನ್ನು ಪೂರ್ತಿ ಬಗೆಹರಿಸುವುದಿಲ್ಲ. ಅಲ್ಲಿ ವಿಧಿಗಿಂತ ಪ್ರಸಂಗ ದೊಡ್ಡದು. ಪ್ರಸಂಗವೆಂದರೆ ಒಬ್ಬ ಮನುಷ್ಯ ತನ್ನ ಮಾತಿನಲ್ಲಿ, ತನ್ನ ಬುದ್ಧಿಯಿಂದ ಹೇಳುವಂಥದ್ದು. ಕಲ್ಲಿನ ಕಾಲುವೆ ಮಾತಾಡುವುದಿಲ್ಲ. ಸಭಾಪಾಲಕರು ಪ್ರತಿ ಭಾನುವಾರ ಮಾತಾಡಲೇಬೇಕು.

ಮಾತಾಡಲಾರದೆ ಬರೆದಿಟ್ಟವನೊಬ್ಬನಿದ್ದ. ಫ್ರಾನ್ಸಿನ ಆರ್ಡೆನ್ ಸೀಮೆಯ ಎಟ್ರೆಪಿನಿ ಎಂಬ ಹಳ್ಳಿಯ ಗುರು ಜ್ಯಾಂ ಮೆಲಿಯೆ. 1689ರಿಂದ 1729ರಲ್ಲಿ ಸಾಯುವವರೆಗೆ ನಲವತ್ತು ವರ್ಷ ಬಲಿಪೂಜೆ ನಡೆಸಿದ, ಮದುವೆ ಮಾಡಿಸಿದ, ಹೆಣಗಳನ್ನು ಮಣ್ಣು ಮಾಡಿದ. ಸತ್ತ ಮೇಲೆ ಅವನ ಕೈಬರಹದ ದೊಡ್ಡ ಗ್ರಂಥ ಸಿಕ್ಕಿತು, ಒಂದಲ್ಲ, ಮೂರು ಪ್ರತಿ. ದೇವರಿಲ್ಲ, ಧರ್ಮಗಳೆಲ್ಲ ಮನುಷ್ಯರ ಕಟ್ಟುಕಥೆ ಎಂದು ಅದರಲ್ಲಿ ತನ್ನ ಹಳ್ಳಿಯ ಜನರನ್ನೇ ಉದ್ದೇಶಿಸಿ ಬರೆದಿದ್ದ. ಆ ನಲವತ್ತು ವರ್ಷಗಳನ್ನು ನೆನೆದರೆ ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ತಾನು ಸುಳ್ಳೆಂದು ತಿಳಿದದ್ದನ್ನು ತಾನು ಪ್ರೀತಿಸಿದ ಜನರಿಗೆ ಒಬ್ಬೊಬ್ಬರಿಗೂ ಬಡಿಸುವ ಕೆಲಸ. ಮತ್ತು ಆ ಜನ? ಅವರಿಗೆ ಒಂದು ಸಲವೂ ಆಯ್ಕೆ ಸಿಗಲಿಲ್ಲ.

ಇಲ್ಲಿ ನಮ್ಮ ಭಾಷೆ ನನಗೆ ನೆರವಾಗುತ್ತದೆ. ಕನ್ನಡದಲ್ಲಿ ‘ನಂಬು’ ಎಂಬ ಒಂದೇ ಬೇರಿನಿಂದ ಎರಡು ಟಿಸಿಲುಗಳು ಒಡೆದಿವೆ. ಒಂದು, ನಂಬಿಕೆ ಇರುವವನು. ಇನ್ನೊಂದು, ನಂಬಿಕೆಗೆ ಅರ್ಹನಾದವನು. ಎರಡನೆಯವನಿಗೆ ಕನ್ನಡ ಬೈಬಲ್ಲು ಬಳಸುವ ಸೊಗಸಾದ ಶಬ್ದ ‘ನಂಬಿಗಸ್ತ’. ಇವೆರಡೂ ಒಬ್ಬರಲ್ಲೇ ಇರಬೇಕೆಂಬುದು ಆದರ್ಶ, ಆದರೆ ಯಾವಾಗಲೂ ಹಾಗಿರುವುದಿಲ್ಲ. ಮೆಲಿಯೆ ನಂಬಲಿಲ್ಲ, ತನ್ನ ಜನಕ್ಕೆ ನಂಬಿಗಸ್ತನಾಗಿಯೂ ಇರಲಾಗಲಿಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ, ಸುಮಾರು ಐವತ್ತು ವರ್ಷ ಅವರೊಳಗೆ ದೇವರ ಸುಳಿವೇ ಇಲ್ಲದ ಕತ್ತಲೆಯಿತ್ತೆಂದು ಲೋಕಕ್ಕೆ ತಿಳಿಯಿತು. ಅವರು ನಾಸ್ತಿಕರಾಗಿರಲಿಲ್ಲ, ಆ ಕತ್ತಲೆಯ ದೂರನ್ನೂ ದೇವರ ಕಡೆಗೇ ತಿರುಗಿ ಹೇಳಿದರು. ಅನುಭವ ಬತ್ತಿತು, ನಂಬಿಗಸ್ತಿಕೆ ಬತ್ತಲಿಲ್ಲ. ಸಂಶಯ ಬಂದ ಮಾತ್ರಕ್ಕೆ ಸಭಾಪಾಲಕರು ಇಳಿದು ಹೋಗಬೇಕೆಂದರೆ ಲೋಕದಲ್ಲಿ ಒಂದು ಪ್ರಸಂಗಪೀಠವೂ ಉಳಿಯದು.

ವಾಸ್ಪರ್ ಅವರದು ಸಂಶಯವಲ್ಲ, ತೀರ್ಮಾನ. ಆದರೂ ಅವರು ಅದನ್ನು ಮುಚ್ಚಿಡಲಿಲ್ಲ. ಮೆಲಿಯೆ ಸತ್ತ ಮೇಲೆ ಹೇಳಿದ್ದನ್ನು ಅವರು ಬದುಕಿದ್ದಾಗಲೇ, ಕೆಲಸ ಹೋಗಬಹುದೆಂದು ಗೊತ್ತಿದ್ದೇ, ಜನರ ಮುಖ ನೋಡಿ ಹೇಳಿದರು. ಇದು ನಂಬಿಗಸ್ತಿಕೆಯಲ್ಲದೆ ಬೇರೇನು? ಎಲ್ಲ ತಿಳಿದೂ ಒಂದು ಸಭೆ ‘ಇವರೇ ನಮಗೆ ಇರಲಿ’ ಎಂದರೆ ಹೊರಗಿನ ಸಮಿತಿ ಅವರನ್ನು ಕಿತ್ತುಹಾಕುವುದು ನನಗೆ ಸರಿಕಾಣಲಿಲ್ಲ. ಡೆನ್ಮಾರ್ಕಿನಲ್ಲಿ 2003ರಲ್ಲಿ ಥಾರ್ಕಿಲ್ಡ್ ಗ್ರೋಸ್‌ಬೋಲ್ ಎಂಬ ಗುರು ಇಂಥದ್ದೇ ಮಾತಾಡಿ ಅಮಾನತಾದಾಗ, ತಾರ್ಬೆಕ್ಕಿನ ಅವರ ಸಭೆಯ ಜನರೂ ಅವರ ಬೆನ್ನಿಗೆ ನಿಂತಿದ್ದರು.

ಇಷ್ಟರವರೆಗೆ ನಾನು ವಾಸ್ಪರ್ ಪಕ್ಷ. ಮುಂದಿನದು ಬೇರೆ.

2008ರಲ್ಲಿ ವೆಸ್ಟ್ ಹಿಲ್ ಆರಾಧನೆಯಿಂದ ಕರ್ತನ ಪ್ರಾರ್ಥನೆಯನ್ನೇ ಕೈಬಿಡಲಾಯಿತು. ಆಗ ಬಹಳ ಮಂದಿ ಸಭೆ ಬಿಟ್ಟು ಹೋದರು. ಈ ಪ್ರಸಂಗದ ಬಗ್ಗೆ ಬರೆದವರು ಹೆಚ್ಚಾಗಿ ಉಳಿದವರ ಧೈರ್ಯವನ್ನೋ ಚರ್ಚಿನ ಕಟ್ಟಳೆಯನ್ನೋ ಚರ್ಚಿಸುತ್ತಾರೆ. ನನ್ನ ಮನಸ್ಸು ಹೋಗುವುದು ಎದ್ದು ಹೋದವರ ಕಡೆಗೆ. ಅದೇ ಬೆಂಚು, ಅದೇ ಕಿಟಕಿ, ಅಕ್ಕಪಕ್ಕ ಅದೇ ಮುಖಗಳು. ಬಾಯಿಗೆ ಬಂದ ಮಾತಿಗೆ ಮಾತ್ರ ಜಾಗವಿಲ್ಲ.

ನನ್ನ ಅಜ್ಜಿ ಕೊನೆಯುಸಿರೆಳೆಯುತ್ತಿದ್ದಾಗ ನಮ್ಮ ಸಭಾಪಾಲಕರು ಬಂದು ಮಂಚದ ಪಕ್ಕ ನಿಂತರು. ಅಜ್ಜಿಗೆ ನಮ್ಮ ಯಾರ ಹೆಸರೂ ನೆನಪಿರಲಿಲ್ಲ. ಅವರು ಕರ್ತನ ಪ್ರಾರ್ಥನೆ ಶುರುಮಾಡಿದ ಕೂಡಲೇ ಅಜ್ಜಿಯ ತುಟಿಗಳು ಅಲುಗಿದವು, ಒಂದು ಪದವೂ ತಪ್ಪದೆ. ಆ ಸಭಾಪಾಲಕರು ಮನಸ್ಸಿನಲ್ಲಿ ಏನನ್ನು ನಂಬಿದ್ದರೋ ನಾನು ಕೇಳಿಲ್ಲ, ಕೇಳಬೇಕೆನಿಸಲೂ ಇಲ್ಲ. ಅವರು ಆ ಮಾತುಗಳನ್ನು ಅಜ್ಜಿಯ ಬಳಿಗೆ ತಂದುಕೊಟ್ಟರು. ಸಭಾಪಾಲಕ ಎಂಬ ಹೆಸರಿನಲ್ಲಿರುವುದು ಪಾಲನೆ, ಒಡೆತನವಲ್ಲ.

ಆ ಪ್ರಾರ್ಥನೆಯಲ್ಲಿ ‘ನಾನು’ ಎಂಬ ಮಾತೇ ಇಲ್ಲವೆಂಬುದನ್ನು ಗಮನಿಸಬೇಕು. ಮೊದಲಿನಿಂದ ಕೊನೆಯವರೆಗೆ ಅದು ‘ನಮ್ಮ’, ‘ನಮಗೆ’. ವಿಶ್ವಾಸ ಪ್ರಮಾಣ ಹಾಗಲ್ಲ, ಅಪೊಸ್ತಲರ ಹೆಸರಿನಲ್ಲಿರುವ ಆ ಪ್ರಮಾಣವನ್ನು ಪ್ರತಿಯೊಬ್ಬರೂ ‘ನಾನು’ ಎಂದೇ ಹೇಳಬೇಕು. ನಂಬದ ಸಭಾಪಾಲಕರಿಗೆ ಈ ವ್ಯತ್ಯಾಸವೇ ಎಲ್ಲೆ ಎಂದು ನನಗೆ ತೋರುತ್ತದೆ. ‘ನಾನು’ ಎಂಬ ಮಾತನ್ನು ಅವರು ಆಡದಿರಬಹುದು. ಆಡಿದರೆ ಅದು ಸುಳ್ಳು. ‘ನಾವು’ ಎಂಬ ಮಾತನ್ನು ಅಳಿಸುವ ಹಕ್ಕು ಮಾತ್ರ ಅವರಿಗಿಲ್ಲ, ಏಕೆಂದರೆ ಅದು ಅವರೊಬ್ಬರದಲ್ಲ.

ಸ್ಪೇನಿನ ಮಿಗೆಲ್ ದೆ ಉನಮುನೊ 1931ರಲ್ಲಿ ಪ್ರಕಟಿಸಿದ ಪುಟ್ಟ ಕಾದಂಬರಿಯಲ್ಲಿ ಮ್ಯಾನುಯೆಲ್ ಎಂಬ ಹಳ್ಳಿಯ ಗುರು ಬರುತ್ತಾನೆ. ಜನ ಅವನನ್ನು ಸಂತನೆಂದೇ ತಿಳಿದಿದ್ದಾರೆ. ಎಲ್ಲರೂ ಒಟ್ಟಾಗಿ ವಿಶ್ವಾಸ ಪ್ರಮಾಣ ಹೇಳುವಾಗ, ಸತ್ತವರು ಏಳುವ, ನಿತ್ಯಜೀವವಿರುವ ಸಾಲಿಗೆ ಬಂದಾಗ ಅವನ ದನಿ ನಿಂತುಬಿಡುತ್ತದೆ. ಜನರ ದನಿಯಲ್ಲಿ ಅದು ಮುಳುಗಿದ್ದರಿಂದ ಊರಿನವರಿಗೆ ತಿಳಿಯುವುದಿಲ್ಲ. ಜನರ ನೆಮ್ಮದಿ ಕೆಡಬಾರದೆಂದು ಅವನು ತನ್ನ ನಂಬದಿರುವಿಕೆಯನ್ನು ಊರಿನವರಿಂದ ಬಚ್ಚಿಟ್ಟುಕೊಂಡೇ ಸಾಯುತ್ತಾನೆ. ಆ ಬಚ್ಚಿಡುವಿಕೆಯನ್ನು ನಾನು ಒಪ್ಪಲಾರೆ. ಊರಿನವರನ್ನು ಎಂದೆಂದೂ ಎಳೆಯ ಮಕ್ಕಳೆಂದು ತಿಳಿದವನು ಮಾತ್ರ ಹಾಗೆ ಮಾಡಬಲ್ಲ. ಆದರೆ ಆ ಮೌನ ನನಗೆ ತುಂಬ ಪವಿತ್ರವೆನಿಸುತ್ತದೆ. ತಾನು ಹೇಳಲಾರದ ಸಾಲನ್ನು ಅವನು ಪುಸ್ತಕದಿಂದ ಹರಿಯಲಿಲ್ಲ. ಸುಮ್ಮನಾಗಿ, ಜನ ಹೇಳುವುದನ್ನು ಕೇಳುತ್ತ ನಿಂತ.

ವಾಸ್ಪರ್ ಅವರ ಬಾಯಿ, ಮ್ಯಾನುಯೆಲ್‌ನ ಮೌನ: ಇವೆರಡೂ ಒಟ್ಟಿಗೆ ಇರಬಲ್ಲ ಕಡೆ ನಂಬದ ಸಭಾಪಾಲಕರು ಇರಬಹುದು ಎಂಬುದು ನನ್ನ ಮಾತು. ತನಗೆ ನಂಬಿಕೆಯಿಲ್ಲವೆಂದು ಸಭೆಗೆ ಹೇಳಿರಬೇಕು. ಸಭೆ ತಿಳಿದು ಒಪ್ಪಿರಬೇಕು. ಪ್ರಾರ್ಥನೆ ಪ್ರಾರ್ಥನೆಯಾಗಿಯೇ ಉಳಿಯಬೇಕು. ಜನರ ಪ್ರಾರ್ಥನೆ ಕಿವಿಗೆ ಬಿದ್ದರೆ ಸಹಿಸಲಾಗದಷ್ಟು ದೂರ ಹೋಗಿದ್ದರೆ ಪೀಠ ಬಿಟ್ಟುಕೊಡುವುದೇ ಮರ್ಯಾದೆ. ಹಾಗೆ ಬಿಟ್ಟುಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಬಿಟ್ಟುಕೊಡುವುದು ಬರೆದಷ್ಟು ಸುಲಭವಲ್ಲವೆಂದೂ ಬಲ್ಲೆ. 2010ರಲ್ಲಿ ತತ್ತ್ವಜ್ಞಾನಿ ಡೇನಿಯಲ್ ಡೆನೆಟ್ ಮತ್ತು ಸಂಶೋಧಕಿ ಲಿಂಡಾ ಲಸ್ಕೋಲಾ ನಂಬಿಕೆ ಕಳೆದುಕೊಂಡೂ ಸೇವೆಯಲ್ಲಿದ್ದ ಐವರು ಅಮೆರಿಕನ್ ಪಾದ್ರಿಗಳನ್ನು ಮಾತಾಡಿಸಿ ಬರೆದರು. ಅದರ ಮರುವರ್ಷ ಇಂಥವರು ತಮ್ಮತಮ್ಮಲ್ಲೇ ಗುಟ್ಟಾಗಿ ಮಾತಾಡಿಕೊಳ್ಳಲೆಂದು ಕ್ಲರ್ಜಿ ಪ್ರಾಜೆಕ್ಟ್ ಎಂಬ ಕೂಟ ಹುಟ್ಟಿತು. ಗುಟ್ಟು ಏಕೆ ಬೇಕಾಯಿತೆಂದು ಯೋಚಿಸಿದರೆ ಸಾಕು. ಇರುವ ಮನೆ ಸಭೆಯದು, ಗೆಳೆಯರು ಸಭೆಯವರು, ಕಲಿತ ವಿದ್ಯೆ ಬೇರೆಲ್ಲೂ ಅನ್ನ ಕೊಡುವುದಿಲ್ಲ. ನಡುವಯಸ್ಸಿನಲ್ಲಿ ಹೆಂಡತಿ ಮಕ್ಕಳೊಡನೆ ಬೀದಿಗೆ ಬರುವುದಕ್ಕಿಂತ ಇನ್ನೊಂದು ಭಾನುವಾರ ನಟಿಸುವುದು ಹಗುರವಾಗುತ್ತದೆ. ನಿಜ ಹೇಳಿದವರಿಗೆ ವಿಚಾರಣೆ, ನಟಿಸಿದವರಿಗೆ ನಿವೃತ್ತಿಯ ಸನ್ಮಾನ ಎಂಬಂತಿದ್ದರೆ ಇನ್ನೆಷ್ಟೋ ಮೆಲಿಯೆಗಳು ಹುಟ್ಟುತ್ತಲೇ ಇರುತ್ತಾರೆ. ಆ ಪಾಪದಲ್ಲಿ ಸಭೆಗೂ ಪಾಲಿದೆ.

ಸಭೆಗಳನ್ನು ನಡೆಸುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಒಂದು ದಿನ ನಿಮ್ಮ ಸಭಾಪಾಲಕರು ಬಾಗಿಲು ಮುಚ್ಚಿ, ತನಗೆ ಇನ್ನು ನಂಬಲಾಗುತ್ತಿಲ್ಲವೆಂದು ಹೇಳಿದರೆ ಆ ಕ್ಷಣವೇ ಸಮಿತಿ ಕರೆಯಬೇಡಿ. ಮನೆ ಬಿಡಲು ಒಂದು ವರ್ಷ ಕೊಡಿ, ಆ ವರ್ಷದ ಸಂಬಳ ಕೊಡಿ. ಅವರು ಹಾಗೆ ಹೇಳಿದ ಮುಂದಿನ ಭಾನುವಾರ ಕರ್ತನ ಪ್ರಾರ್ಥನೆಯನ್ನು ನೀವೇ ಶುರುಮಾಡಿ. ಅವರು ಸುಮ್ಮನಿದ್ದರೂ ಸರಿ, ನಿಮ್ಮ ಪಕ್ಕದಲ್ಲೇ ನಿಂತಿರಲಿ.