ಶೋಕಕ್ಕೆ ಬೆಲೆಯುಂಟೆ?

ಪರರ ದುಃಖವನ್ನು ಹಣ ಕೊಟ್ಟು ಕೇಳುವುದು ಧರ್ಮವೆ? ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೆಲ್ಲ ಪ್ರಸಿದ್ಧ. ಈ ಸೀಮೆಯ ರಿವಾಯತ ಪದಗಳಲ್ಲಿ ಕ್ರಿ.ಶ. 680ರ ಕರ್ಬಲಾದ ಶೋಕವು ಕನ್ನಡದಲ್ಲಿ ಕಣ್ಣೀರಿಡುತ್ತದೆ. ಹಾಡುವವರಲ್ಲಿ ಹಿಂದೂಗಳೂ ಉಂಟು.

1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾಗಲು, ದೊಡ್ಡ ಗ್ರಾಮಫೋನ್ ಕಂಪನಿ ಅಷ್ಟಾಗಿ ಕಿವಿಗೊಡದಿದ್ದ ಹಳ್ಳಿಯ ಹಾಡುಗಳನ್ನು ಸಣ್ಣ ಸಣ್ಣ ಕಂಪನಿಗಳು ಹೊರತಂದವು. ಮೇಳದಲ್ಲಿ ಅತ್ತುದನ್ನು ಅಂಗಡಿಯಲ್ಲಿ ಮಾರಬಹುದೆ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಭರತಮುನಿಯ ಶಾಸ್ತ್ರದಂತೆ ಶೋಕವು ಕಲೆಯಲ್ಲಿ ಕರುಣರಸವಾಗುತ್ತದೆ. ರಸವು ಹಂಚಿದರೆ ಕುಂದುವುದಿಲ್ಲ. ನಾವು ಬೆಲೆ ತೆರುವುದು ದುಃಖಕ್ಕಲ್ಲ, ಅದನ್ನು ಹೊತ್ತು ತಂದ ಕಂಠಕ್ಕೆ.

ಹಾಗಾದರೆ ಅಧರ್ಮವೆಲ್ಲಿ? ಕಂಠವನ್ನು ಕೊಂಡು ಹೆಸರನ್ನು ಅಳಿಸುವುದರಲ್ಲಿ. 1902ರಲ್ಲಿ ಕಲ್ಕತ್ತೆಯ ಗೌಹರ್ ಜಾನ್ ಗ್ರಾಮಫೋನ್ ಪ್ಲೇಟಿಗೆ ಹಾಡಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ಪ್ಲೇಟು ಒತ್ತುವ ಜರ್ಮನಿಯವರಿಗೆ ಗುರುತು ಬೇಕಿತ್ತು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರಿದ್ದುದರಿಂದಲೇ 'ದೇವಾನಾಂಪ್ರಿಯ'ನು ಯಾರೆಂಬುದು ಖಚಿತವಾಯಿತು. ಚಕ್ರವರ್ತಿಗೇ ಹೀಗಾದರೆ ಹಳ್ಳಿಯ ಹಾಡುಗಾರನ ಪಾಡೇನು?

ಈಗ ಕ್ಯಾಸೆಟ್ಟಿನ ಕಾಲ ಮುಗಿದು ಹಾಡು ಮೊಬೈಲಿಗೆ ಬಂದಿದೆ. ಎಷ್ಟೋ ಸಲ ಹೆಸರಿಲ್ಲದೆ ಬರುತ್ತದೆ. ವಿದ್ಯಾರ್ಥಿಗಳು ಅಂಥದನ್ನು ಕೇಳಿಸಿದಾಗ ನಾನು ಮೊದಲು ವಿಚಾರಿಸುವುದು ಇಷ್ಟೆ: ಹಾಡಿದವರು ಯಾರು? ಯಾವ ಊರವರು? ದುಃಖ ಎಲ್ಲರದಿರಬಹುದು, ದನಿ ಒಬ್ಬರದು. ಕೇಳಿ ಕಣ್ಣೊರೆಸಿಕೊಂಡವರು ಆ ಒಬ್ಬರ ಋಣವನ್ನೂ ಒಪ್ಪಿಕೊಳ್ಳಬೇಕು.