ದಾರಿಹೋಕರ ನೀರು

ಪೋಲೆಂಡಿನ ಚೆಂಸ್ಟೊಹೋವಾ ಪಟ್ಟಣದ ಹೆಸರು ನಾಲಿಗೆಗೆ ಕಷ್ಟವಾದರೂ ಅಲ್ಲಿನ ಕಪ್ಪು ವರ್ಣದ ಮಾತೆ ಮರಿಯಮ್ಮನವರ ಚಿತ್ರಪಟವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಯಾಸ್ನಾ ಗೂರಾ ಬೆಟ್ಟದ ಮಠ 1382ರದು. ಮಾತೆಯ ಕೆನ್ನೆಯ ಗಾಯದ ಗುರುತು 1430ರ ದರೋಡೆಯ ನೆನಪು. 1711ರಲ್ಲಿ ಪ್ಲೇಗಿನ ಹೊತ್ತಿನಲ್ಲಿ ವಾರ್ಸಾದ ಜನ ಹರಕೆ ಹೊತ್ತು ಅಲ್ಲಿಗೆ ನಡೆದರು. ಇಂದಿಗೂ ಪ್ರತಿ ಆಗಸ್ಟಿನಲ್ಲಿ ಒಂಬತ್ತು ದಿನ ನಡೆಯುತ್ತಾರೆ. ಅವರಿಗೆ ಊಟ ಬಡಿಸಿ ಮಲಗಲು ಜಾಗ ಕೊಡುವವರು ದಾರಿಯ ಹಳ್ಳಿಗರು. ನಡೆಯದ ಈ ಜನರೂ ಯಾತ್ರಿಕರೇ?

ಗಡಿಯಾಚೆ ಉಂಡವಳ್ಳಿ ಸೀಮೆಯಲ್ಲಿ ಈ ಪ್ರಶ್ನೆ ಯುಗಾದಿಗೆ ಮುಂಚೆ ಏಳುತ್ತದೆ. ರಾಯಚೂರು ಕಡೆಯ ಕನ್ನಡಿಗರ ಕೆಲವು ತಂಡಗಳು ಐಜ, ಅಲಂಪುರದ ಸೀಮೆ ಹಾದು, ಕರ್ನೂಲು ದಾಟಿ, ನಲ್ಲಮಲ ಕಾಡಿನೊಳಗೆ ಶ್ರೀಶೈಲಕ್ಕೆ ನಡೆಯುತ್ತವೆ. ಭ್ರಮರಾಂಬೆ ಅವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಅರಿಶಿನ ಕುಂಕುಮ ಒಯ್ಯದಿದ್ದರೆ ಹೇಗೆ! ದಾರಿಯುದ್ದಕ್ಕೂ ತೆಲುಗು ಊರುಗಳವರು ಮಜ್ಜಿಗೆ, ಅನ್ನ ಕೊಡುತ್ತಾರೆ.

ಆ ದಿನಗಳು ಬಹುತೇಕ ನಮ್ಮ ತಪಸ್ಸುಕಾಲವೇ. ಕ್ರೈಸ್ತರಾದ ನಾವು ಆ ದಾರಿಯಲ್ಲಿ ನೀರಿನ ಕೊಡ ಇಡಬಹುದೇ? ಬೇರೊಂದು ದೇವರ ಹರಕೆಗೆ ನಾವೂ ಕೈಜೋಡಿಸಿದಂತಾಗದೇ ಎಂದು ಕೇಳುವವರಿದ್ದಾರೆ. ಅವರ ಅಳುಕನ್ನು ನಗೆಯಾಡಿ ತಳ್ಳಬಾರದು. ನಂಬಿಕೆಯನ್ನು ಹಗುರವಾಗಿ ಕಾಣದವರೇ ಹಾಗೆ ಕೇಳುತ್ತಾರೆ. ಆದರೆ ಬಾಯಾರಿಕೆಗೆ ಹರಕೆ ಯಾರದೆಂಬುದು ಗೊತ್ತಿಲ್ಲ. ಬಾವಿಯ ಬಳಿ ಪ್ರಭು ಯೇಸು ನೀರು ಕೇಳಿದ್ದು ಸಮಾರ್ಯದ ಹೆಂಗಸನ್ನು. ಯಾವ ಬೆಟ್ಟದಲ್ಲಿ ಆರಾಧಿಸಬೇಕೆಂಬ ಚರ್ಚೆ ಬಂದದ್ದು ಆಮೇಲೆ. ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ.

ನಮಗೆ ಹೆಚ್ಚು ಅಪಾಯವಾಗಿ ಕಾಣುವುದು ಇನ್ನೊಂದು: ಕೊಡದ ಮೇಲೆ ನಮ್ಮ ಹೆಸರಿನ ಬ್ಯಾನರು, ಲೋಟದ ಜೊತೆಗೊಂದು ಕರಪತ್ರ, ಫೋಟೋಕ್ಕೆ ನಿಲ್ಲಿಸಿದ ಸುಸ್ತಾದ ಅಜ್ಜಿ. ನಡೆಯುವವನು ತನ್ನ ಗಂಟನ್ನು ಹಗುರ ಮಾಡಿಕೊಂಡು ಹೊರಡುತ್ತಾನೆ, ಉಳಿದದ್ದನ್ನು ದಾರಿ ನೋಡಿಕೊಳ್ಳುತ್ತದೆಂದು. ಆ ಭರವಸೆಗೆ ಬೆಲೆ ಕಟ್ಟಿ ಮಾರಿದರೆ ಕೊಟ್ಟ ನೀರು ವ್ಯಾಪಾರವಾಯಿತು. ಬಸ್ಸಿನಲ್ಲಿ ಹೋಗುವವನಿಗೆ ಟಿಕೆಟ್ಟು ಸಾಕು, ಯಾರ ಹಂಗೂ ಇಲ್ಲ; ನಡೆಯುವವನು ಅಪರಿಚಿತರ ಅಂಗಳಕ್ಕೆ ಬಂದು ಕೈಯೊಡ್ಡಲೇಬೇಕು. ಆಗ ಅವನ ಯಾತ್ರೆಯ ಒಂದು ಪಾಲು ಆ ಅಂಗಳದವರದೂ ಆಗುತ್ತದೆ, ಅವರು ಶ್ರೀಶೈಲವನ್ನು ಕಾಣದಿದ್ದರೂ.

ಕೊಡವನ್ನು ನೆರಳಲ್ಲಿಡಬೇಕು, ಲೋಟ ನಾಲ್ಕಾದರೂ ಇರಲಿ. ಒಂದು ಬೆಂಚೂ ಬೇಕು. ಬೊಬ್ಬೆಯೆದ್ದ ಕಾಲಿಗೆ ನೀರಿಗಿಂತ ಮೊದಲು ಅದೇ ಬೇಕಾಗುತ್ತದೆ.