ಕರ್ನಲ್ ಕಲ್ಪಿಸಿದ ಇಂಟರ್‌ಫೇಸ್: ಸತ್ಯವೋ, ಮಿಥ್ಯೆಯೋ?

ಲಿನಕ್ಸ್ ಕರ್ನಲ್‌ನಲ್ಲಿ ಡಮ್ಮಿ ಎಂಬ ಹೆಸರಿನ ಮಾಡ್ಯೂಲ್ ಇದೆ. ಅದಕ್ಕೆ ನೆಟ್‌ವರ್ಕ್ ಕಾರ್ಡೂ ಬೇಡ, ಕೇಬಲ್ಲೂ ಬೇಡ. ಮಾಡ್‌ಪ್ರೋಬ್‌ನ ಸಂರಚನಾ ಕಡತದಲ್ಲಿ ‘ಆಪ್ಶನ್ಸ್ ಡಮ್ಮಿ ನಮ್‌ಡಮ್ಮೀಸ್=2’ ಎಂದು ಒಂದು ಸಾಲು ಬರೆದಿಟ್ಟರೆ, ಮಾಡ್ಯೂಲ್ ಲೋಡ್ ಆಗುವಾಗಲೇ ಡಮ್ಮಿ0, ಡಮ್ಮಿ1 ಎಂಬ ಎರಡು ಇಂಟರ್‌ಫೇಸ್‌ಗಳು ಹುಟ್ಟುತ್ತವೆ. ಪ್ರತಿಯೊಂದಕ್ಕೂ ಕರ್ನಲ್ ತಾನೇ ಒಂದು ಮ್ಯಾಕ್ ವಿಳಾಸ ಕೊಡುತ್ತದೆ. ಐಪಿ ವಿಳಾಸ ಹಾಕಬಹುದು, ರೂಟ್ ಬರೆಯಬಹುದು. ಅದರ ಮೂಲಕ ಹೊರಗೆ ಕಳಿಸಿದ ಪ್ಯಾಕೆಟ್ ಮಾತ್ರ ಎಲ್ಲಿಗೂ ಮುಟ್ಟುವುದಿಲ್ಲ. ಕರ್ನಲ್ ಅದನ್ನು ಎಸೆದು, ಕಳಿಸಿದ ಲೆಕ್ಕಕ್ಕೆ ಸೇರಿಸುತ್ತದೆ. ಇಂಥ ವಸ್ತು ಇದೆ ಎನ್ನಬೇಕೆ, ಇಲ್ಲ ಎನ್ನಬೇಕೆ?

ಹುಬ್ಬಳ್ಳಿ-ಧಾರವಾಡದಲ್ಲಿ ಈ ಪ್ರಶ್ನೆಯ ಎರಡೂ ತುದಿಗಳು ಸಿಗುತ್ತವೆ. ಒಂದು ಕಡೆ 1947ರಲ್ಲಿ ಆರಂಭವಾದ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, 2016ರಲ್ಲಿ ಬಂದ ಐಐಟಿ. ಇನ್ನೊಂದು ಕಡೆ, 1929ರಲ್ಲಿ ದೇಹ ಬಿಟ್ಟ ಸಿದ್ಧಾರೂಢ ಸ್ವಾಮಿಗಳು ಜಾತಿಭೇದವಿಲ್ಲದೆ ಅದ್ವೈತ ಬೋಧಿಸಿದ ಮಠ. ಕಾಣುವುದಕ್ಕೂ ಇರುವುದಕ್ಕೂ ಇರುವ ಅಂತರ ಆ ಬೋಧೆಯ ಮುಖ್ಯ ವಿಷಯ.

ಅದ್ವೈತ ಮೂರು ಬಗೆಯ ಸತ್ತೆಯನ್ನು ಹೇಳುತ್ತದೆ: ಪ್ರಾತಿಭಾಸಿಕ, ವ್ಯಾವಹಾರಿಕ, ಪಾರಮಾರ್ಥಿಕ. ಹಗ್ಗದಲ್ಲಿ ಕಂಡ ಹಾವು ಮೊದಲನೆಯದು. ಹಗ್ಗವೆಂದು ತಿಳಿದ ಕ್ಷಣವೇ ಅದು ಇಲ್ಲವಾಗುತ್ತದೆ. ಡಮ್ಮಿ0 ಹಾಗಲ್ಲ. ಅದರ ಹಿಂದೆ ಯಾವ ಯಂತ್ರಾಂಶವೂ ಇಲ್ಲವೆಂದು ಚೆನ್ನಾಗಿ ತಿಳಿದವನ ಪರದೆಯಲ್ಲೂ ಅದು ಇದ್ದೇ ಇರುತ್ತದೆ. ಕೇಬಲ್ ಕಳಚಿದರೂ ಕಾರ್ಡ್ ಕೆಟ್ಟರೂ ಅದಕ್ಕೆ ಧಕ್ಕೆಯಿಲ್ಲ. ಹಾಗಾಗಿಯೇ ರೂಟರ್‌ನ ಗುರುತಾಗಿ, ಸೇವೆಯೊಂದರ ಸ್ಥಿರ ವಿಳಾಸವಾಗಿ ಅದನ್ನು ಬಳಸುತ್ತಾರೆ. ಇಷ್ಟು ಗಟ್ಟಿಯಾಗಿ ಕೆಲಸಕ್ಕೆ ಬರುವುದನ್ನು ಬರಿಯ ಭ್ರಮೆ ಎಂದು ತಳ್ಳಿಹಾಕುವುದು ಸರಿಯಲ್ಲ.

ವೇದಾಂತಿಗಳಿಗೆ ಈ ತೊಡಕು ಹೊಸದಲ್ಲ. ಸ್ಫಟಿಕದ ಪಕ್ಕ ಕೆಂಪು ದಾಸವಾಳ ಇಟ್ಟರೆ ಸ್ಫಟಿಕ ಕೆಂಪಾಗಿ ತೋರುತ್ತದೆ. ಬಣ್ಣ ಹೂವಿನದೆಂದು ತಿಳಿದ ಮೇಲೂ ಕೆಂಪು ಹೋಗುವುದಿಲ್ಲ; ಹೂವನ್ನು ತೆಗೆಯಬೇಕು. ಹೂವಿನಂಥ ಉಪಾಧಿಯಿಂದ ಹುಟ್ಟುವ ಇದನ್ನು ಸೋಪಾಧಿಕ ಭ್ರಮೆ ಎನ್ನುತ್ತಾರೆ. ಡಮ್ಮಿ0 ಕೂಡ ತಿಳಿವಳಿಕೆಯಿಂದ ಹೋಗದು, ಮಾಡ್ಯೂಲನ್ನು ತೆಗೆದರೆ ಹೋಗುತ್ತದೆ. ಯಂತ್ರ ಒಂದೇ, ಆಯ್ಕೆಯ ಸಂಖ್ಯೆಯೆಂಬ ಉಪಾಧಿಯಿಂದ ಹಲವಾಗಿ ತೋರುತ್ತದೆ. ಡಮ್ಮಿ0ಗೆ ಕೊಟ್ಟ ವಿಳಾಸವನ್ನು ಅದೇ ಯಂತ್ರದಿಂದ ಕರೆದರೆ ಉತ್ತರ ಬರುತ್ತದೆ. ಆದರೆ ಆ ಪ್ಯಾಕೆಟ್ ಓಡಾಡುವುದು ಲೂಪ್‌ಬ್ಯಾಕ್ ಮೂಲಕ, ಡಮ್ಮಿಯ ಮೂಲಕವಲ್ಲ. ಹೆಸರು ಒಂದರದು, ಕೆಲಸ ಇನ್ನೊಂದರದು. ನಾಮರೂಪದ ಚರ್ಚೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ.

ಇದಕ್ಕೆ ಎದುರಾದ ವಾದವೂ ಇದೇ ಸೀಮೆಯದು. ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಹಾವೇರಿಗೆ ಸೇರಿರುವ ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. ಅವರ ಪರಂಪರೆಯ ಮೂಲಪುರುಷರಾದ ಮಧ್ವಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸಿದರು. ಇನ್ನೊಂದನ್ನು ಆಶ್ರಯಿಸಿದ್ದು ಎಂಬ ಮಾತ್ರಕ್ಕೆ ವಸ್ತು ಮಿಥ್ಯೆಯಾಗುವುದಿಲ್ಲ ಎಂಬುದು ಅವರ ನಿಲುವು. ಈ ಲೆಕ್ಕದಲ್ಲಿ ಡಮ್ಮಿ0 ಕರ್ನಲ್‌ಗೆ ಅಧೀನವಾದ, ಆದರೂ ನಿಜವಾದ ವಸ್ತು.

ಯಾವುದು ಹೆಚ್ಚು ಒಪ್ಪುತ್ತದೆಂದು ನೋಡಲು ಆಯ್ಕೆಗೆ ಸೊನ್ನೆ ಕೊಟ್ಟು ನೋಡಬೇಕು. ಅನೇಕ ಲಿನಕ್ಸ್ ವಿತರಣೆಗಳಲ್ಲಿ ಬರುವ ಸಿಸ್ಟಮ್‌ಡಿ, ಡಮ್ಮಿಗೂ, ಹಲವು ಇಂಟರ್‌ಫೇಸ್‌ಗಳನ್ನು ಒಂದಾಗಿ ಕಟ್ಟುವ ಬಾಂಡಿಂಗ್ ಮಾಡ್ಯೂಲಿಗೂ ಸೊನ್ನೆಯನ್ನೇ ನಿಗದಿಮಾಡಿದೆ. ಮಾಡ್ಯೂಲ್ ಲೋಡ್ ಆದೊಡನೆ ಬಾಂಡ್0 ತಾನಾಗಿ ಹುಟ್ಟಿದರೆ, ಅದೇ ಹೆಸರಿನಲ್ಲಿ ಬೇರೆ ಗುಣಗಳ ಇಂಟರ್‌ಫೇಸ್ ಬೇಕೆಂದವನ ಆಜ್ಞೆಗೆ ಅದು ಅಡ್ಡ ಬರುತ್ತದೆ. ಸೊನ್ನೆ ಇದ್ದಾಗ ಮಾಡ್ಯೂಲ್ ಇರುತ್ತದೆ, ಇಂಟರ್‌ಫೇಸ್ ಒಂದೂ ಇರುವುದಿಲ್ಲ. ‘ಐಪಿ ಲಿಂಕ್ ಆಡ್’ ಎಂದು ಹೆಸರು ಹೇಳಿ ಬೇಡಿದರಷ್ಟೇ ಬರುತ್ತದೆ. ಹೂವು ಹತ್ತಿರವಿದ್ದರೆ ಸಾಕು, ಸ್ಫಟಿಕ ಕೆಂಪಾಗುತ್ತದೆ. ಇಲ್ಲಿ ಹತ್ತಿರವಿದ್ದರೆ ಸಾಲದು, ಇಚ್ಛೆ ಬೇಕು. ಜಗತ್ತಿನ ಇರವು ಸ್ವತಂತ್ರನಾದ ದೇವರ ಇಚ್ಛೆಗೆ ಅಧೀನ ಎನ್ನುವ ಮಧ್ವರ ದ್ವೈತಕ್ಕೆ ಇದು ಹತ್ತಿರ. ಆದರೆ ಇಲ್ಲಿ ಆಜ್ಞೆ ಕೊಡುವವನು ಸ್ವತಂತ್ರನಲ್ಲ. ಮಾಡ್ಯೂಲ್ ಬರೆದವರು ಇಡದ ಆಯ್ಕೆಯನ್ನು ಅವನು ಬಳಸಲಾರ. ದ್ವೈತದ ಹೋಲಿಕೆಯೂ ಅಲ್ಲಿಯವರೆಗೆ ಮಾತ್ರ ನಡೆಯುತ್ತದೆ.